ಇಸಿದ್ರೊ ಕೇಳಿದ ಅಪ್ಪಣೆ

ಕಂಪನಿ ಬಸ್ಸು ಹತ್ತುವ ಮುಂಚೆಯೂ ಇಸಿದ್ರೊ ಅದರ ಮೈಗೆ ಅಂಗೈ ಒತ್ತಿ, ತಮ್ಮ ಭಾಷೆಯಲ್ಲಿ ಏನೋ ಗೊಣಗುತ್ತಿದ್ದರು. ಹಿಂದಿನವರು "ಯಲ್ಲಾ, ಯಲ್ಲಾ" ಎಂದು ಎಷ್ಟು ಅವಸರಪಡಿಸಿದರೂ ಅಂಗೈ ತೆಗೆಯುತ್ತಿರಲಿಲ್ಲ. "ಹೊರುವವರನ್ನು ಕೇಳದೆ ಹತ್ತಬಾರದು" ಎಂದು ಹರಕು ಇಂಗ್ಲಿಷಿನಲ್ಲಿ ನನಗೆ ಹೇಳಿದ್ದರು.

ಮೆಕ್ಸಿಕೋದ ಟೊಟೊನಾಕ್ ಜನ ಅವರು. ನಮ್ಮೂರ ಕಡೆಯ ಹಾಗೆಯೇ ಅಲ್ಲೂ ಒಂದು ಬದಿ ಕಡಲು, ಇನ್ನೊಂದು ಬದಿ ಘಟ್ಟ, ಹಿತ್ತಲಲ್ಲಿ ವೆನಿಲ್ಲಾ ಬಳ್ಳಿ. ಎತ್ತರದ ಕಂಬದ ತುದಿಯಿಂದ ನಾಲ್ವರು ಸೊಂಟಕ್ಕೆ ಹಗ್ಗ ಕಟ್ಟಿ, ತಲೆಕೆಳಗಾಗಿ ಸುತ್ತುತ್ತ ಇಳಿಯುವುದು ಅವರು ಮಳೆ ಬೇಡುವ ರೀತಿ. ಐದನೆಯವನು ತುದಿಯಲ್ಲೇ ಕೂತು ಕೊಳಲೂದಬೇಕು. ಅರವತ್ತು ದಾಟಿದ, ಸಣಕಲು ಮೈಯ ಇಸಿದ್ರೊ ಆ ಐದನೆಯವರು. ದುಬೈಯ ಚಳಿಗಾಲದ ಮೇಳವೊಂದಕ್ಕೆ ತಂಡ ಬಂದಿತ್ತು. ಉಕ್ಕಿನ ಕಂಬ ತಯಾರಾದದ್ದು ಮುಸಫ್ಫಾದ ನಮ್ಮ ವರ್ಕ್‌ಶಾಪಿನಲ್ಲಿ. ಅದನ್ನು ನಿಲ್ಲಿಸುವ, ತಂಡವನ್ನು ನೋಡಿಕೊಳ್ಳುವ ಉಸ್ತುವಾರಿ ನನ್ನದು.

ನಿಲ್ಲಿಸುವ ದಿನ ಇಸಿದ್ರೊ ಚೀಲ ಹಿಡಿದು ಕಂಬದ ಗುಂಡಿಯ ಬಳಿ ಬಂದರು. ಒಳಗೆ ಧೂಪ, ಎಲೆಯಲ್ಲಿ ಸುತ್ತಿದ ಮುಸುಕಿನ ಜೋಳದ ಕಡುಬು, ಮತ್ತೆ ಸೂಪರ್‌ಮಾರ್ಕೆಟ್ಟಿನ ಫ್ರೋಜನ್ ಕೋಳಿ! ಯಾರನ್ನೂ ಬೀಳಿಸಬೇಡ ಎಂದು, ನಿಲ್ಲಿಸುವ ಮುಂಚೆ ಗುಂಡಿಯೊಳಗೆ ಕಂಬಕ್ಕೆ ಇಡುವ ಎಡೆ ಅದು.

ಕಂಪನಿಯ ಮ್ಯಾನೇಜರು ಮುಖ ಸಿಂಡರಿಸಿ ನನ್ನತ್ತ ತಿರುಗಿದ. "ನಿಮ್ಮಲ್ಲೂ ಹೀಗೆಲ್ಲ ಮಾಡ್ತೀರಾ?"

"ಛೆ, ಮಾಫಿ ಸರ್, ಅಂಥದ್ದೇನೂ ಇಲ್ಲ" ಎಂದು ನಕ್ಕೆ. ಬಾಗಿಲ ದಾರಂದ ಇಡುವಾಗ ಕಾಯಿ ಒಡೆಯುವ, ವರ್ಷವರ್ಷ ಭೂತಕ್ಕೆ ಕೋಳಿ ಕೊಡುವ ಮನೆಯ ಮಗ ಆಡಿದ ಮಾತಿದು. ಆಡಿ ಸುಮ್ಮನಿದ್ದೆನೇ? ಇಸಿದ್ರೊ ನೋಡುತ್ತಿರುವಂತೆಯೇ ಕಂಬ ಇಳಿಸಿಸಿ, ಗುಂಡಿ ತುಂಬಲು ಕಾಂಕ್ರೀಟ್ ಲಾರಿಗೆ ಕೈಬೀಸಿದೆ.

ಇಸಿದ್ರೊ ಜಗಳಾಡಲಿಲ್ಲ. "ಕಂಬ ನಿಮ್ಮದು. ಹತ್ತುವವನು ನಾನು. ಕೇಳದೆ ಹತ್ತಲಾರೆ" ಎಂದು ಚೀಲ ಎತ್ತಿಕೊಂಡರು. ಕೊಳಲಿನವರಿಲ್ಲದೆ ಉಳಿದವರೂ ಹತ್ತುವಂತಿಲ್ಲ. ಐವರ ಕರಾರೂ ರದ್ದಾಯಿತು.

ಆ ಕೋಳಿಯ ಕಥೆಯನ್ನು ತಮಾಷೆಯೆಂದೇ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ನಗಲಿಲ್ಲ.

"ಕೇಳದೆ ಕಂಬ ಹುಗಿದದ್ದಾ ನೀನು? ಆ ಅಜ್ಜನ ಮುಖ ನೋಡ್ಲಿಕ್ಕೆ ನಾಚಿಕೆ ಆಗ್ಲಿಲ್ವಾ ಮಾರಾಯ?"

ಆಗ ಆಯಿತು. ಇವತ್ತಿಗೂ ಆಗುತ್ತದೆ.

ಅವರು ಹೊರಡುವ ಬೆಳಿಗ್ಗೆ ಕ್ಷಮೆ ಕೇಳಲೆಂದೇ ಬಸ್ಸಿನ ಬಳಿ ಹೋದೆ. ಇಸಿದ್ರೊ ಎಂದಿನಂತೆ ಬಸ್ಸಿಗೆ ಅಂಗೈ ಒತ್ತಿದರು. ಆಮೇಲೆ ತಿರುಗಿ ಅದೇ ಅಂಗೈಯನ್ನು ನನ್ನ ಎದೆಯ ಮೇಲಿಟ್ಟರು.

"ಇಷ್ಟು ದಿನ ನಮ್ಮ ಭಾರ ಹೊತ್ತಿರಿ. ಹೋಗಲಾ?"

ಅಪ್ಪಣೆ ಕೊಡುವ ಯೋಗ್ಯತೆ ನನಗೆಲ್ಲಿತ್ತು? ತಲೆ ತಗ್ಗಿಸಿದೆ. ಅದನ್ನೇ ಒಪ್ಪಿಗೆ ಎಂದುಕೊಂಡು ಅವರು ಬಸ್ಸು ಹತ್ತಿದರು.