ಟಬ್ಬಿಗೆ ಬಿದ್ದ ಯೂರಿಯಾ

ಸೋಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ದುಡಿಯುವ ವನಜಾಗೆ ಸ್ವಂತ ಮಣ್ಣಿರಲಿಲ್ಲ. ತವರೂರು ಕೊತ್ತತ್ತಿಯ ಗದ್ದೆಯಲ್ಲಿ ಅವಳಿಗೆ ಬರಬೇಕಾದ ಪಾಲನ್ನೂ ಅಣ್ಣ ಕೆಂಪರಾಜುವೇ ಉಳುತ್ತಿದ್ದ. ಅದಕ್ಕೇ ಬಾಡಿಗೆ ಮನೆಯ ತಾರಸಿಯಲ್ಲಿ, ಗೊಬ್ಬರದ ಸತ್ವ ಬೆರೆಸಿದ ನೀರಿನ ಟಬ್ಬುಗಳಲ್ಲಿ ಅವಳು ಖಾರದ ಮೆಣಸಿನಕಾಯಿ ಬೆಳೆಯುತ್ತಿದ್ದಳು. ಹೂವಾಗುವ ಹೊತ್ತಿಗೆ ಸಾರಜನಕ ಇಳಿಸಿ ಪೊಟ್ಯಾಷ್ ಏರಿಸಬೇಕೆಂದು ಗಿಡ ಕೆಡಿಸಿಕೊಂಡೇ ಕಲಿತಿದ್ದಳು.

ಒಂದು ಭಾನುವಾರ ಬಂದ ಅಣ್ಣ, ಅವಳು ಅಡುಗೆಯಲ್ಲಿದ್ದಾಗ ತಾರಸಿ ಹತ್ತಿ ಟಬ್ಬುಗಳಿಗೆಲ್ಲ ಗದ್ದೆಗೆ ಹಾಕುವ, ಬರೀ ಸಾರಜನಕದ ಯೂರಿಯಾ ಸುರಿದುಹೋದ. ಮಂಗಳವಾರದ ಹೊತ್ತಿಗೆ ಎಲೆ ಸುಟ್ಟು, ಬೇರು ಕಂದಿತ್ತು. ಟಬ್ಬಿನ ಪಕ್ಕ ಯೂರಿಯಾ ಹರಳು ಚೆಲ್ಲಿದ್ದು ಕಂಡು ಅಣ್ಣನಿಗೆ ಫೋನು ಮಾಡಿದಳು.

"ಬಡಕಲಾಗಿದ್ವು ಕಣವ್ವ, ಒಳ್ಳೇದಾಗ್ಲಿ ಅಂತ ಆಕ್ದೆ," ಎಂದ.

ವನಜಾಳ ಮೈ ಉರಿಯಿತು. "ನನ್ನನ್ನೊಂದು ಮಾತು ಕೇಳಿದ್ಯಾ? ಊರಿನ ಮಣ್ಣು ನಿಂದೇ ಅಂತ ನಾನು ಸುಮ್ಕಿದ್ದೆ. ಈ ನೀರು ನಂದು ಕಣಣ್ಣ."

"ಮೆಣಸಿನ ಗಿಡಕ್ಕೆ ಇಷ್ಟೊಂದು ಸಿಟ್ಟಾ?"

"ಗಿಡಕ್ಕಲ್ಲ ಅಂತ ನಿಂಗೂ ಗೊತ್ತು. ಗದ್ದೇಲಿ ನನ್ನ ಪಾಲು ಕೇಳಕ್ಕೆ ಬತ್ತೀನಿ."

ಟಬ್ಬು ಬರಿದು ಮಾಡಿ, ಬೇರು ತೊಳೆದು, ಗೊಬ್ಬರ ಅರ್ಧಕ್ಕಿಳಿಸಿ ಹೊಸ ನೀರು ತುಂಬಿದಳು. ಕೆಲವು ಗಿಡ ಸತ್ತವು, ಕೆಲವು ಚಿಗುರಿದವು. ಚಿಗುರು ಕಂಡರೂ ಸಿಟ್ಟು ಇಳಿಯಲಿಲ್ಲ. ಮುಂದಿನ ರಜೆಗೆ ಅವಳು ಕೊತ್ತತ್ತಿಗೆ ಹೋಗಿ, ಊರ ಹಿರಿಯರ ಮುಂದೆ ಅಣ್ಣನ ಎದುರಿಗೇ ಕೂತಳು.