ತಾರೀಖು ಹಾಕುವ ಮ್ಯಾಕ್ರೊ

ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಖನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದುವವಳು ನಾನು. ಅಂಥವಳು ಒಂದು ವಾರ ತಪ್ಪು ತಾರೀಖನ್ನೇ ಅಚ್ಚು ಹಾಕಿ ಕೊಟ್ಟೆ ಎಂದರೆ ನಮ್ಮ ಮನೆಯವರೂ ನಂಬಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಹುಣಸೂರಿನ ಹೈಸ್ಕೂಲೊಂದರಲ್ಲಿ ನಾನು ಗುಮಾಸ್ತೆ. ಶಾಲೆಗೆ ಯಾರೋ ಹಳೆಯ ಕಂಪ್ಯೂಟರ್ ದಾನ ಕೊಟ್ಟರು. ನಲವತ್ತೈದರ ವಯಸ್ಸಿನಲ್ಲಿ ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಸೆಂಟರಿಗೆ ಸೇರಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿತೆ. ಅದರಲ್ಲಿ ನನಗೆ ಹಿಡಿಸಿದ್ದು ಪ್ರೀಪ್ರೊಸೆಸರ್. ನಾವು ಬರೆದದ್ದನ್ನು ಮಷೀನಿನ ಭಾಷೆಗೆ ಬೇಯಿಸಿಕೊಡುವ ಕಂಪೈಲರ್ ಒಲೆ ಹಚ್ಚುವ ಮೊದಲೇ ಸೊಪ್ಪು ಬಿಡಿಸಿಟ್ಟುಕೊಡುವ ಓರಗಿತ್ತಿ ಅದು. ಮ್ಯಾಕ್ರೊ ಎಂಬ ಅಡ್ಡಹೆಸರು ಕಂಡಲ್ಲೆಲ್ಲ ಅಸಲು ಮಾತನ್ನು ತಂದು ಕೂರಿಸುತ್ತದೆ. ತಾರೀಖು ತಂದುಕೊಡುವ ಡೇಟ್ ಎಂಬ ಮ್ಯಾಕ್ರೊ ಅದರ ಬಳಿ ಸಿದ್ಧವಾಗಿಯೇ ಇರುತ್ತದೆ. ಉದ್ಧರಣ ಚಿಹ್ನೆಯೊಳಗೆ ‘ದಿನಾಂಕ’ ಎಂದು ಇಂಗ್ಲಿಷಿನಲ್ಲಿ ಬರೆದು ಪಕ್ಕದಲ್ಲಿ ಆ ಮ್ಯಾಕ್ರೊ ಇಟ್ಟರೆ ಸಾಕು, ಎರಡೂ ಅಂಟಿಕೊಂಡು ಒಂದೇ ಸ್ಟ್ರಿಂಗ್, ಅಂದರೆ ಒಂದೇ ಅಕ್ಷರಮಾಲೆ ಆಗುತ್ತವೆ. ಸೆಂಟರಿನ ಕಾಲೇಜು ಹುಡುಗರು ಇದಕ್ಕೆ ಆರು ಸಾಲು ಬರೆಯುತ್ತಿದ್ದರು, ನನ್ನದು ಒಂದೇ ಸಾಲು. ಜಂಬಕ್ಕೆ ಅಷ್ಟು ಸಾಕಾಯಿತು.

ಏಪ್ರಿಲ್ ರಜೆಯಲ್ಲೇ, ಇಂಥವರು ಇಲ್ಲಿ ಓದಿ ಪಾಸಾದರು ಎನ್ನುವ ವ್ಯಾಸಂಗ ಪತ್ರದ ಪ್ರೋಗ್ರಾಮು ಬರೆದು, ಸೆಂಟರಿನಲ್ಲಿ ಕಂಪೈಲ್ ಮಾಡಿ, ಫ್ಲಾಪಿಯಲ್ಲಿ ಶಾಲೆಗೆ ತಂದೆ. ಅಂದು ತಾರೀಖು ಸರಿಯಾಗಿಯೇ ಬಂತು. ರಿಸಲ್ಟ್ ಬಂದ ಮೇಲೆ ಪಾಸಾಗಿ ಕೇಳಿಕೊಂಡು ಬಂದವರಿಗೆಲ್ಲ ಒಂದು ವಾರ ಪತ್ರ ಅಚ್ಚು ಹಾಕಿದೆ. ಮಷೀನು ತಪ್ಪು ಬರೆದೀತೇ ಎಂದು ಹೆಡ್‌ಮಾಸ್ಟರು ನೋಡದೆ ಸಹಿ ಹಾಕಿದರು.

ಒಂದು ಮಧ್ಯಾಹ್ನ ವೀರನಹೊಸಹಳ್ಳಿಯ ದೇವಮ್ಮ ಮಗಳು ಮಂಜುಳಳ ಕೈ ಹಿಡಿದು ಮೈಸೂರಿನ ಹಾಸ್ಟೆಲಿನಿಂದ ನೇರ ಬಂದಳು.

“ಏನವ್ವ ಇಂಗ್ ಮಾಡ್ಬುಟ್ರಿ? ರಿಜಲ್ಟ್ ಬರಕ್ ಮುಂಚೇನೇ ನಿನ್ ಮಗ್ಳು ಪಾಸಾಗೋಗವ್ಳಲ್ಲಾ ಅಂತ ಆಸ್ಟೆಲ್ನೋರು ನಗಾಡ್ತಾರೆ. ಕಳ್ಳ ಪತ್ರ ಅಂತಾರೆ ಕಣ್ರವ್ವ! ಇವತ್ ಐದ್ ಗಂಟೆ ಒಳ್ಗೆ ಸರ್ಯಾದ್ ಪತ್ರ ತರ್ದಿದ್ರೆ ಸೀಟಿಲ್ವಂತೆ.”

ಪತ್ರದಲ್ಲಿ ಏಪ್ರಿಲ್ ತಿಂಗಳು ನಗುತ್ತಿತ್ತು. ಆ ಮ್ಯಾಕ್ರೊ ಕೊಡುವುದು ಕಂಪೈಲ್ ಮಾಡಿದ ದಿನದ ತಾರೀಖು, ಅಚ್ಚು ಹಾಕುವ ದಿನದ್ದಲ್ಲ. ನನ್ನ ಓರಗಿತ್ತಿ ಅಂದೇ ಸೊಪ್ಪು ಬಿಡಿಸಿಟ್ಟು ತವರಿಗೆ ಹೋಗಿದ್ದಳು. ಕಂಪೈಲರ್ ಇದ್ದದ್ದು ಸೆಂಟರಿನಲ್ಲಿ, ಅದು ತೆರೆಯುವುದು ಸಂಜೆಗೆ. ಪೆನ್ನು ತೆಗೆದೆ. ಹೊಸ ಪತ್ರ ಕೈಯಲ್ಲೇ ಬರೆದು ಕೊನೆಗೆ ತಲೆಯೆತ್ತಿ, “ಇವತ್ತು ತಾರೀಖೆಷ್ಟಮ್ಮ?” ಎಂದೆ.

“ಅಯ್ಯೋ, ನೀವೇ ಕೇಳ್ತೀರಲ್ಲಾ! ಅದ್ನೈದು. ಒಂದ್ ವಾರದಿಂದ ದಿನಾ ಎಣಿಸ್ತಾ ಇವ್ನಿ.”

ಹೆಡ್‌ಮಾಸ್ಟರು ನಿಂತೇ ಸಹಿ ಹಾಕಿದರು. ಮಡಿಕೇರಿಯಿಂದ ಬಂದ ಮೈಸೂರು ಬಸ್ಸಿಗೆ ಇಬ್ಬರೂ ಓಡಿದರು. ನಾನು ಉಳಿದ ಹನ್ನೆರಡು ಮಕ್ಕಳಿಗೆ ಬಂದು ಪತ್ರ ಬದಲಿಸಿಕೊಳ್ಳಿ ಎಂದು ಕಾಗದ ಬರೆಯುತ್ತ ಕೂತೆ.

ಮಾರನೆಯ ದಿನ ಮಂಜುಳ ಬಾಗಿಲಲ್ಲೇ, “ಸೀಟಾಯ್ತು ಮೇಡಂ!” ಎಂದಳು. ದೇವಮ್ಮ ಕಂಪ್ಯೂಟರಿನ ಕಡೆ ಓರೆಗಣ್ಣಿನಿಂದ ನೋಡಿ, “ಇದು ರಿಪೇರಿ ಆಯ್ತಾ?” ಎಂದಳು.

“ಆಯ್ತು. ತಾರೀಖಿನ ಜಾಗದಲ್ಲಿ ಈಗ ಬರೀ ಚುಕ್ಕಿ ಹಾಕುತ್ತೆ. ಅದರ ಮೇಲೆ ನಾನು ಕೈಲಿ ಬರೀತೀನಿ.”

“ಚುಕ್ಕಿ ಆಕ್ಸಕ್ಕೆ ಅಷ್ಟ್ ದಿನ ಓದ್ಬೇಕಿತ್ರಾ?”

ಬೇಕಿತ್ತು ಎಂದೆ. ಇಪ್ಪತ್ತು ವರ್ಷ ಕೈಯಲ್ಲೇ ಪತ್ರ ಬರೆಯುವಾಗ, ಇವತ್ತು ಯಾವ ದಿನ ಎಂದು ಒಂದು ಗಳಿಗೆ ತಡೆದು ಯೋಚಿಸುತ್ತಿದ್ದೆನಲ್ಲ, ಅದೂ ಕೆಲಸವೇ ಎಂದು ನನಗೆ ಗೊತ್ತೇ ಇರಲಿಲ್ಲ.