ಆರು ತಿಂಗಳ ಕುಲಾವಿ

ಮೂರು ತಿಂಗಳ ಕೂಸಿಗೆಂದು ಹೊಲಿದ ಕುಲಾವಿ, ಮಗಳಿಗೆ ವರ್ಷ ತುಂಬಿದ ದಿನವೂ ಸರಿಯಾಗಿ ಕೂತಿತು.

ತಾಳ್ಯದಲ್ಲಿ ಅರ್ಧ ಊರಿನ ಕೂಸುಗಳಿಗೆ ಕುಲಾವಿ ಹೊಲಿದವಳು ನಾನು. ತಲೆ ಯಾವ ತಿಂಗಳಿಗೆ ಎಷ್ಟು ಬೆಳೆಯುತ್ತದೆಂದು ನನ್ನ ಕೈಗೆ ಗೊತ್ತು. ಮಗಳು ರೇಣುಕಾಳ ತಲೆಗೆ ಟೇಪು ಸುತ್ತಿದೆ. ಮತ್ತೊಮ್ಮೆ ಸುತ್ತಿದೆ.

ದುರ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. "ಮೈಕ್ರೋಸೆಫಾಲಿ. ಹುಟ್ಟಿದಾಗಿನಿಂದಲೇ ಮೆದುಳು ಚಿಕ್ಕದು," ಎಂದರು ಡಾಕ್ಟರು.

ಔಷಧಿ ಇಲ್ಲ.

ಕಾರಣ ಮಾತ್ರ ಮನೆಯಲ್ಲಿ ಸಿದ್ಧವಾಗಿತ್ತು. "ಬಸುರಿ ಹೆಂಗಸು ಗ್ರಹಣದಾಗೆ ಕತ್ತರಿ ಮುಟ್ಟಬ್ಯಾಡ ಅಂದೆ. ಕೇಳಿದೇನೇ?" ಎಂದಳು ಅಜ್ಜಿ. ಅಜ್ಜಿ ಎಂದರೆ ನನ್ನ ತಾಯಿಯ ತಾಯಿ. ನನ್ನ ಅತ್ತೆಯೂ ಅವಳೇ, ಏಕೆಂದರೆ ನಾನು ಮದುವೆಯಾದದ್ದು ಸೋದರಮಾವನನ್ನು. ಹೌದು, ಅವತ್ತು ಒಂದು ಜಾಕೀಟು ಕತ್ತರಿಸಿದ್ದೆ. ಐದು ವರ್ಷ ಬಂದವರಿಗೆಲ್ಲ ಅಜ್ಜಿ ಅದನ್ನೇ ಹೇಳಿದಳು. ಹೇಳಿಸಿಕೊಂಡು ಹೇಳಿಸಿಕೊಂಡು ನಾನೂ ಅರ್ಧ ನಂಬಿದ್ದೆ.

ಅಷ್ಟರಲ್ಲಿ ನನ್ನ ತಂಗಿ ಗೀತಾಳನ್ನು ಕೊನೆಯ ಸೋದರಮಾವ ತಿಪ್ಪೇಸ್ವಾಮಿಗೆ ಕೊಡುವ ಮಾತಾಯಿತು. ಅಜ್ಜಿಗೆ ಅದು ಜೀವದ ಆಸೆ. ನನಗೆ ನಿದ್ದೆ ಹೋಯಿತು. ಇದು ಗ್ರಹಣದ್ದಲ್ಲ, ರಕ್ತದ್ದೇ ಆಗಿದ್ದರೆ? ಮಗಳನ್ನು ಎತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ.

ಅಲ್ಲಿಯ ಡಾಕ್ಟರಮ್ಮ ನಮ್ಮ ಮನೆತನವನ್ನು ಕಾಗದದ ಮೇಲೆ ಬರೆದರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ನನ್ನಿಂದ ಹೊರಟ ಗೆರೆ, ಗಂಡನಿಂದ ಹೊರಟ ಗೆರೆ, ಎರಡೂ ಅಜ್ಜ ಅಜ್ಜಿಯ ಹತ್ತಿರ ಹೋಗಿ ಕೂಡಿದವು. ಅಜ್ಜ ಆಗಲೇ ತೀರಿಕೊಂಡಿದ್ದರು.

"ಎಲ್ಲರ ರಕ್ತ ಬೇಕಮ್ಮ. ಸೀಕ್ವೆನ್ಸಿಂಗ್ ಅಂತಾರೆ, ಜೀನನ್ನ ಅಕ್ಷರ ಅಕ್ಷರವಾಗಿ ಓದೋದು. ತಪ್ಪು ಎಲ್ಲಿದೆ ಅಂತ ಗೊತ್ತಾಗಬಹುದು. ಆದರೆ ಮಗು ವಾಸಿಯಾಗಲ್ಲ."

"ಗೊತ್ತಾಗ್ಲಿ, ಅಷ್ಟು ಸಾಕು," ಎಂದೆ.

ರಕ್ತ ಕೊಡಲು ಮನೆಯವರನ್ನೆಲ್ಲ ಕರೆದೊಯ್ದಾಗ ಅಜ್ಜಿ ಸೂಜಿ ಕಂಡು ಸಿಡಿದಳು. "ನಂಗೇನಾಗೈತೆ? ಎಪ್ಪತ್ತಾದ್ರೂ ಗಟ್ಟಿಯಾಗಿದೀನಿ."

"ಗಟ್ಟಿಯಾಗಿದ್ರೆ ಹೆದ್ರಿಕೆ ಯಾಕಜ್ಜಿ?"

ಹಠಕ್ಕೆ ಬಿದ್ದು ತೋಳು ಚಾಚಿದಳು.

ಆಗ ಆ ಪರೀಕ್ಷೆ ಹೊಸದು. ವರ್ಷ ದಾಟಿದರೂ ರಿಪೋರ್ಟ್ ಬರಲಿಲ್ಲ. ಅದು ಬರುವವರೆಗೆ ಮದುವೆ ಬೇಡ ಎಂದು ಅಡ್ಡ ನಿಂತೆ. ತಂಗಿಯ ಬಾಳಿಗೆ ಕಲ್ಲು ಹಾಕುವವಳು ಎಂದು ನೆಂಟರು ಬೈದರು. ಬೈಯಲಿ.

ಕೊನೆಗೂ ಬಂತು. ಒಂದು ಜೀನಿನಲ್ಲಿ ಒಂದು ತಪ್ಪು. ಅದರ ಒಂದೇ ಪ್ರತಿ ಇದ್ದವರಿಗೆ ಏನೂ ಆಗದು. ತಂದೆಯಿಂದಲೂ ತಾಯಿಯಿಂದಲೂ ಬಂದು ಎರಡಾದರೆ ಮೆದುಳು ಬೆಳೆಯದು. ನನ್ನಲ್ಲಿ ಒಂದು, ಗಂಡನಲ್ಲಿ ಒಂದು, ಅಮ್ಮನಲ್ಲಿ, ಗೀತಾಳಲ್ಲಿ, ತಿಪ್ಪೇಸ್ವಾಮಿಯಲ್ಲಿ.

ಅಜ್ಜಿಯಲ್ಲಿ.

ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಸುಳ್ಳೇಕೆ, ಅಜ್ಜಿಯ ಹೆಸರನ್ನು ಬೇಕೆಂದೇ ಜೋರಾಗಿ ಹೇಳಿದೆ.

"ನನ್ನ ರಕ್ತ ಏನು ನಾನು ಮಾಡ್ಕಂಡಿದ್ದಾ?" ಎಂದಳು ಅಜ್ಜಿ.

"ನಾನೂ ಮಾಡ್ಕಂಡಿರ್ಲಿಲ್ಲ ಅಜ್ಜಿ."

ಅಜ್ಜಿ ನನ್ನ ಅಮ್ಮನ ಕಡೆ ತಿರುಗಿ, "ಗೀತಂಗೆ ಹೊರಗೆ ಗಂಡು ನೋಡ್ರಿ," ಎಂದಳು. ತಿಪ್ಪೇಸ್ವಾಮಿ ಆರು ತಿಂಗಳು ನನ್ನೊಂದಿಗೆ ಮಾತು ಬಿಟ್ಟ.

ಗೀತಾಳನ್ನು ಶ್ರೀರಾಂಪುರಕ್ಕೆ ಕೊಟ್ಟೆವು. ಅವಳ ಮಗನಿಗೆ ಆರು ತಿಂಗಳ ಅಳತೆಯ ಕುಲಾವಿ ಹೊಲಿದುಕೊಟ್ಟೆ. ಐದಕ್ಕೇ ಬಿಗಿಯಾಯಿತೆಂದು ಹಿಂದಕ್ಕೆ ತಂದಳು. ಅದನ್ನು ಹಿಡಿದುಕೊಂಡು ಸಂತೋಷಕ್ಕೆ ಅತ್ತುಬಿಟ್ಟೆ. ಒಂಬತ್ತು ವರ್ಷದ ರೇಣುಕಾ ಅದನ್ನು ಕಸಿದು ತನ್ನ ತಲೆಗೆ ಹಾಕಿಕೊಂಡಳು. ಸರಿಯಾಗಿ ಕೂತಿತು. ನಗುತ್ತಾ ಮನೆಯೆಲ್ಲ ಓಡಾಡಿದಳು. ತೆಗೆಯಲು ಹೋದರೆ ಅಜ್ಜಿ ನನ್ನ ಕೈ ಸರಿಸಿ, ತಾನೇ ಲಾಡಿ ಕಟ್ಟಿದಳು.

ಅವತ್ತು ಹೊಳಲ್ಕೆರೆಗೆ ಹಾಗೇ ಕರೆದುಕೊಂಡು ಹೊರಟೆವು. ಬಸ್ಸಿನಲ್ಲಿ ಒಬ್ಬಾಕೆ ಬಗ್ಗಿ ಬಗ್ಗಿ ನೋಡಿ, "ಇಷ್ಟು ದೊಡ್ಡ ಹುಡ್ಗಿಗೆ ಕುಲಾವಿ ಯಾಕವ್ವಾ? ತಲೆ ಯಾಕೆ ಹಿಂಗೈತೆ?" ಎಂದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು.

ಅಜ್ಜಿ ಮೊದಲು ಬಾಯಿ ತೆರೆದಳು.

"ನನ್ನಿಂದ ಬಂದಿರೋ ತಲೆ. ನೋಡಾದಿದ್ರೆ ನನ್ನ ನೋಡು."